ಲಾರಿಯ ಜೊತೆ ಹೋಗುವ ಕಾಗದಕ್ಕೆ ಎಷ್ಟು ಕೊಡಬೇಕು?



ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75 ನಮ್ಮ ಕಲ್ಲಡ್ಕದ ಪೇಟೆಯನ್ನು ಸೀಳಿಕೊಂಡೇ ಹೋಗುತ್ತದೆ. ಪಣಂಬೂರಿನ ಬಂದರಿನಿಂದ ಹೊರಟ ಗ್ಯಾಸ್ ಟ್ಯಾಂಕರು, ತಾಳೆ ಎಣ್ಣೆಯ ಟ್ಯಾಂಕರು, ಕಂಟೇನರ್ ಹೊತ್ತ ಟ್ರೇಲರು ಬಿ.ಸಿ. ರೋಡು ದಾಟಿ ಮಾಣಿಯ ಕಡೆಗೆ ಏರುತ್ತವೆ. ಎದುರಿನಿಂದ ಹಾಸನ, ಚಿಕ್ಕಮಗಳೂರಿನ ಕಾಫಿ ಇಳಿದು ಬರುತ್ತದೆ. ನಮ್ಮದೇ ಅಡಿಕೆ, ಗೇರುಬೀಜ, ತೆಂಗಿನಕಾಯಿ ವಿಟ್ಲ, ಪುತ್ತೂರು, ಬಂಟ್ವಾಳದಿಂದ ಇದೇ ರಸ್ತೆಗೆ ಬಂದು ಸೇರಿಕೊಳ್ಳುತ್ತವೆ. ಈ ಲಾರಿಗಳ ಜೊತೆ ಸರಕಿನಷ್ಟೇ ಮುಖ್ಯವಾಗಿ ಹೋಗುವುದು ಅದರ ದಾಖಲೆ. ಹಿಂದೆ ಅದು ಡ್ರೈವರನ ಸೀಟಿನ ಮೇಲಿನ ಪೆಟ್ಟಿಗೆಯಲ್ಲಿ ಮಡಚಿ ಇಟ್ಟ ಕಾಗದವಾಗಿತ್ತು. ಈಗ ಹೆಚ್ಚಿನದ್ದು ಮೊಬೈಲಿನಲ್ಲಿದೆ.

ಕಾಗದ ಹೋಗಿದೆ. ಆದರೆ ಕಾಗದಕ್ಕೆಂದು ಕೊಡುತ್ತಿದ್ದ ಹಣ ಹಲವು ಕಡೆ ಹಾಗೇ ಉಳಿದಿದೆ. ಹೊಸ ಹೆಸರಿನ ಕೆಲವು ಶುಲ್ಕಗಳೂ ಸೇರಿಕೊಂಡಿವೆ. ಬಂಟ್ವಾಳ, ವಿಟ್ಲ ಭಾಗದ ಸಣ್ಣ ವರ್ತಕರ ಲೆಕ್ಕ ಬರೆಯುವ ಕೆಲಸದಲ್ಲಿರುವ ನನಗೆ ಈ ಸಾಲುಗಳು ದಿನಾ ಕಣ್ಣಿಗೆ ಬೀಳುತ್ತವೆ. ಎಲ್.ಆರ್. ಚಾರ್ಜು, ಡಾಕೆಟ್ ಚಾರ್ಜು, ಡಾಕ್ಯುಮೆಂಟೇಶನ್, ಇ-ವೇ ಬಿಲ್ ಚಾರ್ಜು. ಒಂದೊಂದೂ ಸಣ್ಣ ಮೊತ್ತ. ಸಣ್ಣದಾಗಿರುವುದರಿಂದಲೇ ಯಾರೂ ಕೇಳುವುದಿಲ್ಲ. ಎರಡು ಗೋಣಿ ಕಳಿಸುವವನ ಬಾಡಿಗೆಯಲ್ಲಿ ಮಾತ್ರ ಈ ಸಣ್ಣ ಮೊತ್ತಗಳು ಸಣ್ಣದಾಗಿ ಉಳಿಯುವುದಿಲ್ಲ. ಪೂರ್ತಿ ಲಾರಿ ತುಂಬಿಸುವವನಿಗೂ ಅದೇ ಚಾರ್ಜು, ಎರಡು ಗೋಣಿಯವನಿಗೂ ಅದೇ ಚಾರ್ಜು. ಹಾಗಾಗಿ ಈ ವಿಷಯದ ಭಾರ ಬೀಳುವುದು ನಮ್ಮಂಥ ಊರುಗಳ ಸಣ್ಣವರ ಮೇಲೆ.

ಮೊದಲು ಸರ್ಕಾರದ ದಾಖಲೆಯನ್ನೇ ನೋಡೋಣ. ಇ-ವೇ ಬಿಲ್ ಎಂಬುದು ಎಲ್ಲರ ಬಾಯಲ್ಲಿದೆ. ಒಂದು ಸರಕಿನ ಮೌಲ್ಯ 50,000 ರೂಪಾಯಿ ದಾಟಿದರೆ, ಕೆಲವು ವಿನಾಯಿತಿಗಳನ್ನು ಬಿಟ್ಟು, ಅದು ರಸ್ತೆಗೆ ಇಳಿಯುವ ಮೊದಲು ಇ-ವೇ ಬಿಲ್ ಆಗಬೇಕು. ಚಾಲಿ ಅಡಿಕೆಗೆ ಕಿಲೋಗೆ 400 ರೂಪಾಯಿ ಎಂದು ಹಿಡಿದರೂ 125 ಕಿಲೋಗೆ ಈ ಮಿತಿ ಮುಗಿಯಿತು. ಅಂದರೆ ಎರಡು ಗೋಣಿಯ ಆಸುಪಾಸು. ಇದು ದೊಡ್ಡ ವ್ಯಾಪಾರಿಗಳ ತಲೆನೋವು ಎಂದು ಅಡಿಕೆಯ ನಾಡಿನಲ್ಲಿ ಯಾರೂ ಸುಮ್ಮನಿರುವ ಹಾಗಿಲ್ಲ.

ಈ ವ್ಯವಸ್ಥೆಯಲ್ಲಿ ಕರ್ನಾಟಕಕ್ಕೆ ವಿಶೇಷ ಸ್ಥಾನವಿದೆ. ವ್ಯಾಟ್ ಕಾಲದಲ್ಲೇ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಇ-ಸುಗಮ್ ಎಂಬ ಪದ್ಧತಿ ತಂದಿತ್ತು. ಸರಕಿನ ವಿವರವನ್ನು ಮೊದಲೇ ಕಂಪ್ಯೂಟರಿಗೆ ಹಾಕಿ, ಬಂದ ನಂಬರನ್ನು ಬಿಲ್ಲಿನ ಮೇಲೆ ಬರೆದು ಕಳಿಸುವುದು. ಹಳೆಯ ವರ್ತಕರಿಗೆ ಆ ನಂಬರು ಈಗಲೂ ನೆನಪಿರಬಹುದು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇ-ವೇ ಬಿಲ್ಲಿನ ಪ್ರಯೋಗ ಕರ್ನಾಟಕದಲ್ಲೇ ಶುರುವಾಯಿತು. 2018ರ ಏಪ್ರಿಲ್ 1ರಿಂದ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಸರಕಿಗೆ ದೇಶದಾದ್ಯಂತ ಇದು ಕಡ್ಡಾಯವಾದಾಗ, ರಾಜ್ಯದೊಳಗಿನ ಸಾಗಣೆಗೂ ಅದೇ ದಿನದಿಂದ ಜಾರಿ ಮಾಡಿದ ಮೊದಲ ರಾಜ್ಯ ನಮ್ಮದು. ಅದರ ತಂತ್ರಾಂಶ ಮಾಡಿದ್ದು ಸರ್ಕಾರದ್ದೇ ಸಂಸ್ಥೆಯಾದ ಎನ್.ಐ.ಸಿ.

ಇಲ್ಲಿ ಎಲ್ಲರೂ ಗಟ್ಟಿಯಾಗಿ ನೆನಪಿಡಬೇಕಾದ ಸಂಗತಿ ಒಂದಿದೆ. ಇ-ವೇ ಬಿಲ್ ಮಾಡಲು ಸರ್ಕಾರಕ್ಕೆ ಒಂದು ರೂಪಾಯಿಯೂ ಕೊಡಬೇಕಾಗಿಲ್ಲ. ಮಾಡುವುದಕ್ಕೂ ಇಲ್ಲ, ಲಾರಿ ಬದಲಾದರೆ ನಂಬರ್ ತಿದ್ದುವುದಕ್ಕೂ ಇಲ್ಲ, ಅವಧಿ ವಿಸ್ತರಿಸುವುದಕ್ಕೂ ಇಲ್ಲ. ಪೇಟೆಯ ಸೈಬರ್ ಅಂಗಡಿಯವರು ನಿಮ್ಮ ಪರವಾಗಿ ಕುಳಿತು ವಿವರ ತುಂಬಿಸಿ ಅದಕ್ಕೆ ಏನೋ ಸ್ವಲ್ಪ ಹಣ ತೆಗೆದುಕೊಂಡರೆ ಅದು ಅವರ ದುಡಿಮೆಯ ಕೂಲಿ. ಅದನ್ನು ಕೊಡಲೇಬೇಕು. ಆದರೆ ಅದನ್ನು 'ಸರ್ಕಾರದ ಫೀಸು' ಎಂದು ಹೇಳಿ ತೆಗೆದುಕೊಂಡರೆ, ಅಥವಾ ಬಾಡಿಗೆ ಬಿಲ್ಲಿನಲ್ಲಿ ತೆರಿಗೆಯ ಪಕ್ಕದಲ್ಲಿ 'ಇ-ವೇ ಬಿಲ್' ಎಂದು ಮುದ್ರಿಸಿ ಅದೂ ತೆರಿಗೆಯ ಹಾಗೆ ಕಾಣುವಂತೆ ಮಾಡಿದರೆ, ಅದು ತಪ್ಪು. ಇದನ್ನು ನಾನು ಮೆಲುದನಿಯಲ್ಲಿ ಹೇಳಲಾರೆ. ಸರ್ಕಾರ ಉಚಿತ ಮಾಡಿದ ಸೇವೆಗೆ ಸರ್ಕಾರದ ಹೆಸರಿನಲ್ಲಿ ಹಣ ಎತ್ತುವುದು ಕೃಷಿಕನ ಅಜ್ಞಾನದ ಮೇಲೆ ಕಟ್ಟಿದ ಸಂಪಾದನೆ.

ಇನ್ನು ಪ್ರಿಂಟಿನ ಖರ್ಚು. ಡ್ರೈವರನ ಕೈಯಲ್ಲಿ ಮಾಲಿನ ಬಿಲ್ಲು ಇರಬೇಕು. ಇ-ವೇ ಬಿಲ್ಲಿನ ಮಟ್ಟಿಗೆ ಮುದ್ರಿತ ಪ್ರತಿ ಇಲ್ಲದಿದ್ದರೂ ಅದರ ನಂಬರ್ ಮೊಬೈಲಿನಲ್ಲಿದ್ದರೆ ಸಾಕು ಎಂದು ನಿಯಮವೇ ಹೇಳುತ್ತದೆ. ಎಸ್.ಎಂ.ಎಸ್. ಮೂಲಕ ಬಿಲ್ ಮಾಡುವ ದಾರಿಯನ್ನೂ ಮೊದಲಿನಿಂದ ಇಟ್ಟಿದ್ದರು. ನಮ್ಮವರು ನಾಲ್ಕು ಪ್ರತಿ ತೆಗೆಸಿ, ಲ್ಯಾಮಿನೇಶನ್ ಮಾಡಿಸದೆ ಬಿಟ್ಟದ್ದೇ ಹೆಚ್ಚು ಎನ್ನುವಷ್ಟು ಹೆದರುತ್ತಾರೆ. ಹೆದರಿಕೆಗೆ ಕಾರಣ ದಂಡ.

ದಂಡದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಕಾಗದದ ಬೆಲೆ ತಿಳಿಯುವುದು ಅದು ತಪ್ಪಿದಾಗ. 5 ಲಕ್ಷ ರೂಪಾಯಿಯ ಒಣ ಅಡಿಕೆ ಇ-ವೇ ಬಿಲ್ ಇಲ್ಲದೆ ಹೋಗುತ್ತಿದೆ ಎಂದುಕೊಳ್ಳಿ. ಶೇಕಡಾ 5ರಂತೆ ತೆರಿಗೆ 25,000. ತಪಾಸಣೆಯಲ್ಲಿ ಲಾರಿ ನಿಂತರೆ, ಮಾಲಿನ ಯಜಮಾನ ಮುಂದೆ ಬಂದಾಗ ಕಟ್ಟಬೇಕಾದ ದಂಡ ತೆರಿಗೆಯ ಇಮ್ಮಡಿ, ಅಂದರೆ 50,000. ಯಜಮಾನ ಮುಂದೆ ಬಾರದೇ ಹೋದರೆ ಲೆಕ್ಕ ಮಾಲಿನ ಅರ್ಧ ಬೆಲೆಗೆ ಏರುತ್ತದೆ, ಎರಡೂವರೆ ಲಕ್ಷ. 2022ರ ಜನವರಿ 1ರಿಂದ ಇದೇ ಕಾನೂನು. ಇದು ತೀರ್ಮಾನವಾಗುವ ತನಕ ಲಾರಿ ರಸ್ತೆ ಬದಿಯಲ್ಲಿ ನಿಂತಿರುತ್ತದೆ. ಅದರ ಬಾಡಿಗೆ ನಷ್ಟ ಬೇರೆ, ಡ್ರೈವರ್ ಕ್ಲೀನರ್ ಊಟ ನಿದ್ದೆ ಇಲ್ಲದೆ ಕಾಯುವುದು ಬೇರೆ.

ಆದರೆ ಸಣ್ಣ ತಪ್ಪಿಗೂ ಇದೇ ದಂಡ ಎಂದು ತಿಳಿದುಕೊಂಡವರು ಬಹಳ ಮಂದಿ. ಹಾಗಿಲ್ಲ. 2018ರ ಸೆಪ್ಟೆಂಬರ್ 14ರಂದು ಕೇಂದ್ರ ತೆರಿಗೆ ಮಂಡಳಿ ಒಂದು ಸುತ್ತೋಲೆ ಹೊರಡಿಸಿತು. ಅದರ ಸಂಖ್ಯೆ 64. ಜಿ.ಎಸ್.ಟಿ. ನಂಬರ್ ಸರಿ ಇದ್ದು ಹೆಸರಿನ ಅಕ್ಷರ ತಪ್ಪಿದರೆ, ವಿಳಾಸ ಸರಿ ಇದ್ದು ಪಿನ್‌ಕೋಡ್ ತಪ್ಪಿದರೆ, ಬಿಲ್ ನಂಬರಿನಲ್ಲೋ ಲಾರಿ ನಂಬರಿನಲ್ಲೋ ಒಂದೆರಡು ಅಂಕಿ ಹೆಚ್ಚುಕಮ್ಮಿಯಾದರೆ ಲಾರಿಯನ್ನು ತಡೆದು ಇಮ್ಮಡಿ ದಂಡ ಹಾಕುವ ಹಾಗಿಲ್ಲ. ಕೇಂದ್ರದ ಪಾಲಿಗೆ 500, ರಾಜ್ಯದ ಪಾಲಿಗೆ 500, ಒಟ್ಟು 1,000 ರೂಪಾಯಿಗೆ ಮುಗಿಯಬೇಕು. ಕೆ.ಎ. 19 ಎಂದು ಶುರುವಾಗುವ ನಮ್ಮ ಲಾರಿ ನಂಬರಿನ ಕೊನೆಯಲ್ಲಿ 6 ಇರುವಲ್ಲಿ 8 ಒತ್ತಿಹೋಗುವುದು ಎಷ್ಟು ಸುಲಭ! ಆ ಸುತ್ತೋಲೆಯ ಒಂದು ಪ್ರತಿ ಎಲ್ಲ ಟ್ರಾನ್ಸ್‌ಪೋರ್ಟ್ ಕಚೇರಿಯ ಗೋಡೆಯಲ್ಲಿ ಇರಬೇಕು, ಡ್ರೈವರನ ಮೊಬೈಲಿನಲ್ಲೂ ಇರಬೇಕು.

ನಮ್ಮ ಭಾಗದವರಿಗೆ ಉಪಯೋಗವಾಗುವ ಇನ್ನೆರಡು ನಿಯಮಗಳು ಹೀಗಿವೆ. ಕಲ್ಲಡ್ಕದ ವರ್ತಕ ಪಿಕಪ್‌ನಲ್ಲಿ ಅಡಿಕೆ ಹಾಕಿ ಮಂಗಳೂರಿನ ಟ್ರಾನ್ಸ್‌ಪೋರ್ಟ್ ಗೋಡೌನಿಗೆ ಮುಟ್ಟಿಸುತ್ತಾನೆ, ಅಲ್ಲಿಂದ ಮುಂದೆ ದೊಡ್ಡ ಲಾರಿ. ರಾಜ್ಯದೊಳಗೆ ಸಾಗಣೆದಾರನ ಗೋಡೌನಿನವರೆಗಿನ ದೂರ 50 ಕಿಲೋಮೀಟರ್ ಒಳಗಿದ್ದರೆ ಆ ತುಂಡಿಗೆ ವಾಹನದ ನಂಬರು, ಅಂದರೆ ಇ-ವೇ ಬಿಲ್ಲಿನ ಎರಡನೆಯ ಭಾಗ, ತುಂಬಬೇಕಾಗಿಲ್ಲ. ಕಲ್ಲಡ್ಕದಿಂದ ಮಂಗಳೂರು ಮೂವತ್ತು ಕಿಲೋಮೀಟರ್ ಆಸುಪಾಸು. ಪಿಕಪ್ ನಂಬರಿಗೊಮ್ಮೆ, ಲಾರಿ ನಂಬರಿಗೊಮ್ಮೆ ಎಂದು ಎರಡು ಸಲ ಹಣ ಕೊಡುವ ಅಗತ್ಯ ಇಲ್ಲಿ ಹುಟ್ಟುವುದೇ ಇಲ್ಲ. ಎರಡನೆಯದು ಕೃಷಿಕನದ್ದು. ನೋಂದಣಿ ಇಲ್ಲದ ಕೃಷಿಕ ತನ್ನ ಬೆಳೆಯನ್ನು ನೋಂದಾಯಿತ ಖರೀದಿದಾರನಿಗೆ ಕೊಡುವಾಗ, ಕೊಳ್ಳುವವನು ಯಾರೆಂದು ಮೊದಲೇ ಗೊತ್ತಿದ್ದರೆ, ಆ ಸಾಗಣೆಯನ್ನು ಮಾಡಿಸಿದವನು ಖರೀದಿದಾರನೇ ಎಂದು ನಿಯಮ ಹಿಡಿಯುತ್ತದೆ. ಇ-ವೇ ಬಿಲ್ಲಿನ ಹೊಣೆ ಖರೀದಿದಾರನದ್ದು. ಅದರ ಖರ್ಚನ್ನು ಕೃಷಿಕನ ಪಟ್ಟಿಯಲ್ಲಿ ಮುರಿದುಕೊಳ್ಳುವುದಕ್ಕೆ ಆಧಾರವಿಲ್ಲ.

ಘಟ್ಟದ ಮಾತು ಬಿಟ್ಟರೆ ಈ ಕಥೆ ಪೂರ್ಣವಾಗುವುದಿಲ್ಲ. ಇ-ವೇ ಬಿಲ್ಲಿಗೆ ಆಯುಷ್ಯ ಇದೆ. ಮೊದಲು 100 ಕಿಲೋಮೀಟರಿಗೆ ಒಂದು ದಿನ ಕೊಟ್ಟಿದ್ದರು. 2021ರ ಜನವರಿ 1ರಿಂದ 200 ಕಿಲೋಮೀಟರಿಗೆ ಒಂದು ದಿನ. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್ ಎಂದರೆ ಮೊದಲು ನಾಲ್ಕು ದಿನ ಸಿಗುತ್ತಿತ್ತು, ಈಗ ಎರಡು. ಬಯಲು ಸೀಮೆಯ ನೇರ ಹೆದ್ದಾರಿಗೆ ಇದು ಸರಿಯಾದ ಲೆಕ್ಕ. ನಮ್ಮ ದಾರಿಯಲ್ಲಿ ಬರುವ ಶಿರಾಡಿ ಘಾಟಿಗೆ ಸರಿಯಲ್ಲ. ಇ-ವೇ ಬಿಲ್ ಬಂದ ಮೊದಲ ವರ್ಷವೇ, 2018ರಲ್ಲಿ, ಕಾಂಕ್ರೀಟು ಕೆಲಸಕ್ಕಾಗಿ ಜನವರಿಯಿಂದ ಜುಲೈವರೆಗೆ ಶಿರಾಡಿ ಮುಚ್ಚಿತ್ತು. ತೆರೆದು ತಿಂಗಳಾಗುವುದರೊಳಗೆ ಆಗಸ್ಟಿನ ಮಳೆಗೆ ಗುಡ್ಡ ಕುಸಿಯಿತು. ಸಂಪಾಜೆಯಿಂದ ಮಡಿಕೇರಿಗೆ ಹೋಗುವ ರಸ್ತೆಯೂ ಜೋಡುಪಾಲ, ಮದೆನಾಡಿನ ಬಳಿ ಕಡಿದು ಹೋಯಿತು. ಮಾಣಿಯಲ್ಲಿ ಬಲಕ್ಕೆ ಮಡಿಕೇರಿಯ ಕಡೆ ತಿರುಗಿದರೂ ದಾರಿಯಿಲ್ಲ, ನೇರ ಶಿರಾಡಿಯ ಕಡೆ ಹೋದರೂ ದಾರಿಯಿಲ್ಲ ಎಂಬ ಸ್ಥಿತಿ. 2024ರ ಜುಲೈಯಲ್ಲೂ ಶಿರಾಡಿಯಲ್ಲಿ ಗುಡ್ಡ ಜಾರಿ ಲಾರಿಗಳು ನಿಂತವು. ಹೀಗೆ ನಿಂತಾಗ ಬಿಲ್ಲಿನ ಅವಧಿ ಮುಗಿಯುತ್ತದೆ. ಅವಧಿ ಮುಗಿಯುವ 8 ಗಂಟೆ ಮೊದಲಿನಿಂದ ಮುಗಿದ 8 ಗಂಟೆಯ ತನಕ ಅದನ್ನು ವಿಸ್ತರಿಸಬಹುದು. ಕಾರಣದ ಪಟ್ಟಿಯಲ್ಲಿ ನೈಸರ್ಗಿಕ ವಿಕೋಪವೂ ಇದೆ. ವಿಸ್ತರಿಸಬೇಕಾದವನು ಸಾಗಣೆದಾರ; ಅವನು ಕೂತಿರುವುದು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ. ಮಾಲಿನ ಜೊತೆ ಇರುವವನು ಗುಂಡ್ಯದ ಬಳಿ ನೆಟ್‌ವರ್ಕ್ ಹುಡುಕುತ್ತಿರುವ ಡ್ರೈವರು. ಘಟ್ಟದ ರಸ್ತೆಯನ್ನು ಜಿಲ್ಲಾಡಳಿತ ಮುಚ್ಚಿದ ದಿನ ಆ ದಾರಿಯ ಬಿಲ್ಲುಗಳ ಅವಧಿ ತಾನಾಗಿ ಮುಂದೆ ಹೋಗುವಂತೆ ಮಾಡಬೇಕು. ಎಲ್ಲವೂ ಕಂಪ್ಯೂಟರಿನಲ್ಲೇ ಇರುವಾಗ ಅದು ಕಷ್ಟದ ಕೆಲಸವಲ್ಲ. ಇದನ್ನು ಕರಾವಳಿಯ ವರ್ತಕರ ಸಂಘಗಳು ಒತ್ತಿ ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಈಗ ಟ್ರಾನ್ಸ್‌ಪೋರ್ಟಿನವರ ದಾಖಲೆಗೆ ಬರೋಣ. ಎಲ್.ಆರ್., ಅಂದರೆ ಲಾರಿ ರಶೀದಿ. ಉತ್ತರದ ಕಡೆಯವರು ಬಿಲ್ಟಿ ಎನ್ನುತ್ತಾರೆ. ಇಲ್ಲಿ ಒಂದು ಕಾನೂನು ಇದೆ, ಅದನ್ನು ಓದಿದವರು ಕಡಿಮೆ. 1865ರ ಹಳೆಯ ಕಾನೂನನ್ನು ತೆಗೆದು 2007ರಲ್ಲಿ ರಸ್ತೆ ಸಾಗಣೆ ಕಾನೂನು ಮಾಡಿದರು, 2011ರ ಮಾರ್ಚ್ 1ರಿಂದ ಜಾರಿಗೆ ಬಂತು. ಕಳಿಸುವವನು ಮಾಲು ಏನು, ಬೆಲೆ ಎಷ್ಟು ಎಂದು ಬರೆದು ಒಂದು ಚೀಟಿ ಕೊಡಬೇಕು. ಮಾಲು ಕೈಗೆ ಬಂದ ಮೇಲೆ ಸಾಗಣೆದಾರ ಸರಕು ರಶೀದಿ ಕೊಡಬೇಕು, ಮೂಲ ಪ್ರತಿ ಕಳಿಸಿದವನಿಗೆ ಸಿಗಬೇಕು. ಎಷ್ಟು ಗೋಣಿ, ಎಷ್ಟು ತೂಕ ಎಂಬುದಕ್ಕೆ ಆ ರಶೀದಿಯೇ ಮೊದಲ ಸಾಕ್ಷಿ. ಗಮನಿಸಿ, ರಶೀದಿ ಕೊಡುವುದು ಸಾಗಣೆದಾರ ನಮಗೆ ಮಾಡುವ ಉಪಕಾರವಲ್ಲ, ಅವನ ಕರ್ತವ್ಯ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟಿನ ಕಾಗದಕ್ಕೆ ಬೇರೆ ಹಣ ಕೇಳಿದರೆ ನಾವು ಒಪ್ಪುತ್ತೇವೆಯೇ?

ಹಾಗಾದರೆ ಎಲ್.ಆರ್. ಚಾರ್ಜು ಎಲ್ಲಿಂದ ಬಂತು? ಒಂದು ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಕಾರ್ಬನ್ ಇಟ್ಟು ನಾಲ್ಕು ಪ್ರತಿ ಬರೆಯುವ ಗುಮಾಸ್ತ ಇದ್ದ, ಅಚ್ಚು ಹಾಕಿಸಿದ ಪುಸ್ತಕ ಇತ್ತು, ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಬೇಕಿತ್ತು. ಬುಕಿಂಗ್ ಆಫೀಸಿನವರು ಅದಕ್ಕೆ ಒಂದಿಷ್ಟು ಸೇರಿಸಿದರು, ಯಾರೂ ಆಕ್ಷೇಪಿಸಲಿಲ್ಲ. ಈಗ ಕಳಿಸುವವನ ಹೆಸರು, ಪಡೆಯುವವನ ಜಿ.ಎಸ್.ಟಿ. ನಂಬರು, ಮಾಲಿನ ವಿವರ ಎಲ್ಲವೂ ಇ-ವೇ ಬಿಲ್ಲಿನಿಂದಲೇ ಬರುತ್ತವೆ. ಅದನ್ನು ತುಂಬಿದವರು ಹೆಚ್ಚಾಗಿ ನಾವೇ. ಎಲ್.ಆರ್. ಮೊಬೈಲಿಗೆ ಒಂದು ಕೊಂಡಿಯಾಗಿ ಬರುತ್ತದೆ. ಬರೆಯುವ ಕೆಲಸ ನಮ್ಮ ಕಡೆಗೆ ದಾಟಿತು, ಚಾರ್ಜು ಮಾತ್ರ ಅಲ್ಲೇ ಉಳಿಯಿತು. ಅಷ್ಟೇ ಅಲ್ಲ, ಬಾಡಿಗೆಗೆ ತೆರಿಗೆ ಇರುವಲ್ಲಿ ಈ ಚಾರ್ಜೂ ಸಾಗಣೆಯ ಮೌಲ್ಯದೊಳಗೇ ಸೇರುತ್ತದೆ, ಅದರ ಮೇಲೂ ಜಿ.ಎಸ್.ಟಿ. ಬೀಳುತ್ತದೆ.

ಸಾಗಣೆದಾರರ ಕಷ್ಟವನ್ನು ನಾನು ಕಾಣದವನಲ್ಲ. ಡೀಸೆಲ್, ಟಯರು, ಬ್ರಹ್ಮರಕೂಟ್ಲಿನಿಂದ ಶುರುವಾಗುವ ಟೋಲು, ಡ್ರೈವರ್ ಸಿಗದಿರುವುದು, ಬಾಡಿಗೆ ಬಾಕಿ ತಿಂಗಳುಗಟ್ಟಲೆ ಬಾರದಿರುವುದು. ತಂತ್ರಾಂಶಕ್ಕೆ ಅವರೂ ವರ್ಷಕ್ಕೆ ಹಣ ಕಟ್ಟುತ್ತಾರೆ. ಬಾಡಿಗೆ ಸಾಲದಿದ್ದರೆ ಬಾಡಿಗೆಯನ್ನೇ ಹೆಚ್ಚು ಕೇಳಲಿ. ಕಿಲೋಗೆ ಇಷ್ಟು ಎಂದು ಹೇಳಿದರೆ ನಾವು ಇನ್ನೊಬ್ಬರ ದರದ ಜೊತೆ ತೂಗಿ ನೋಡಬಹುದು. ಬಾಡಿಗೆ ಕಡಿಮೆ ಎಂದು ಬಾಯಲ್ಲಿ ಹೇಳಿ, ಬಿಲ್ಲಿನ ಕೆಳಗೆ ನಾಲ್ಕು ಸಾಲು ಸೇರಿಸಿದರೆ ತೂಗಿ ನೋಡುವುದು ಸಾಧ್ಯವಾಗುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ಈ ಸಣ್ಣ ಸಾಲುಗಳ ನಡುವೆ ಕೊಡಲೇಬೇಕಾದ ಒಂದು ಶುಲ್ಕವನ್ನು ನಮ್ಮವರು ಉಳಿತಾಯ ಎಂದು ಬಿಟ್ಟುಬಿಡುತ್ತಾರೆ. ಅದು ಜವಾಬ್ದಾರಿಯ ಶುಲ್ಕ, ಟ್ರಾನ್ಸ್‌ಪೋರ್ಟಿನವರು ರಿಸ್ಕ್ ಚಾರ್ಜು ಎನ್ನುವುದು. 2011ರ ನಿಯಮದ ಪ್ರಕಾರ, ಮಾಲು ಕಳೆದರೆ ಅಥವಾ ಹಾಳಾದರೆ ಸಾಗಣೆದಾರನ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ಎರಡು ಗೋಣಿ ಅಡಿಕೆಗೆ 600 ರೂಪಾಯಿ ಬಾಡಿಗೆ ಕೊಟ್ಟಿದ್ದರೆ ಆ ಮಿತಿ 6,000 ರೂಪಾಯಿ. ಮಾಲಿನ ಬೆಲೆ 50,000! ಇದಕ್ಕಿಂತ ಹೆಚ್ಚಿನ ಹೊಣೆ ಬೇಕಿದ್ದರೆ ಬೆಲೆ ಘೋಷಿಸಿ, ಹೆಚ್ಚಿನ ದರ ಕೊಡಲು ಬುಕಿಂಗ್ ಮಾಡುವಾಗಲೇ ಒಪ್ಪಿರಬೇಕು. ಎಲ್.ಆರ್. ಚಾರ್ಜಿನ ವಿಷಯದಲ್ಲಿ ಜಗಳವಾಡುವುದಕ್ಕಿಂತ ಮೊದಲು ಬಿಲ್ಲಿನಲ್ಲಿ ಮಾಲಿನ ಬೆಲೆ ಬರೆದಿದೆಯೇ, ಯಾರ ರಿಸ್ಕ್ ಎಂದು ಬರೆದಿದೆ ಎಂದು ನೋಡಿ. 'ಓನರ್ಸ್ ರಿಸ್ಕ್', ಅಂದರೆ ಹೊಣೆ ಮಾಲಿನ ಯಜಮಾನನದ್ದೇ, ಎಂದಿದ್ದರೆ ಅಲ್ಲೇ ನಿಂತು ಕೇಳಿ.

ಸಮುದ್ರದ ಕಡೆಯದ್ದು ಇನ್ನೊಂದು ಲೋಕ. ರಸ್ತೆ ಬರುವ ಮೊದಲು ಬಂಟ್ವಾಳವೇ ಒಂದು ದೋಣಿಪೇಟೆ. ಘಟ್ಟದ ಮೇಲಿನ ಸರಕು ಇಲ್ಲಿಗೆ ಬಂದು ನೇತ್ರಾವತಿಯಲ್ಲಿ ಮಂಗಳೂರಿನ ಹಳೆ ಬಂದರಿಗೆ ಇಳಿಯುತ್ತಿತ್ತು. ಪಣಂಬೂರಿನ ನವಮಂಗಳೂರು ಬಂದರು 1974ರಲ್ಲಿ ಪ್ರಮುಖ ಬಂದರು ಎನಿಸಿಕೊಂಡಿತು. ಕಾಫಿ, ಗೋಡಂಬಿ ಅಲ್ಲಿಂದ ಹೊರದೇಶಕ್ಕೆ ಹೋಗುತ್ತವೆ. ಆಫ್ರಿಕಾದ ಕಚ್ಚಾ ಗೇರುಬೀಜ ಅಲ್ಲೇ ಬಂದಿಳಿದು ನಮ್ಮ ಜಿಲ್ಲೆಯ ಕಾರ್ಖಾನೆಗಳಿಗೆ ಬರುತ್ತದೆ.

ಹಡಗಿನ ಸರಕಿಗೆ ಬಿಲ್ ಆಫ್ ಲೇಡಿಂಗ್ ಎಂಬ ದಾಖಲೆ, ಬಂದರಿನವರ ಬಾಯಲ್ಲಿ ಬಿ.ಎಲ್. ಇದು ಎಲ್.ಆರ್. ಹಾಗೆ ಬರೀ ರಶೀದಿಯಲ್ಲ. ಕ್ರಮಬದ್ಧವಾಗಿ ವರ್ಗವಾದ ಬಿ.ಎಲ್. ಯಾರ ಕೈಯಲ್ಲಿದೆಯೋ ಮಾಲು ಬಿಡಿಸಿಕೊಳ್ಳುವ ಹಕ್ಕು ಅವರದ್ದು. ಅದಕ್ಕಾಗಿಯೇ ಬ್ಯಾಂಕುಗಳು ಅದರ ಮೇಲೆ ಹಣ ಕೊಡುತ್ತವೆ. ಸಾಮಾನ್ಯವಾಗಿ ಮೂರು ಮೂಲ ಪ್ರತಿ. ಅವು ಕೊರಿಯರಿನಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವಷ್ಟರಲ್ಲಿ ಹಡಗೇ ಮುಟ್ಟಿರುತ್ತದೆ, ಮಾಲು ಬಂದರಿನಲ್ಲಿ ಬಾಡಿಗೆ ತಿನ್ನುತ್ತಾ ಕೂರುತ್ತದೆ. ಇದಕ್ಕೆ ಉಪಾಯವಾಗಿ ರಫ್ತುದಾರ ಮೂಲ ಪ್ರತಿಗಳನ್ನು ಇಲ್ಲೇ ಹಡಗು ಕಂಪನಿಗೆ ಹಿಂತಿರುಗಿಸಿ, ಅಲ್ಲಿ ಮಾಲು ಬಿಟ್ಟುಕೊಡಿ ಎಂದು ಸಂದೇಶ ಕಳಿಸುವಂತೆ ಮಾಡುತ್ತಾನೆ. ಪ್ರತಿ ಕೊಟ್ಟದ್ದಕ್ಕೆ ಬಿ.ಎಲ್. ಫೀ, ಹಿಂತಿರುಗಿಸಿದ್ದಕ್ಕೆ ಸರೆಂಡರ್ ಫೀ, ನಡುವೆ ಒಂದು ಅಕ್ಷರ ತಿದ್ದಿದರೆ ತಿದ್ದುಪಡಿ ಫೀ. ದೊಡ್ಡ ರಫ್ತುದಾರ ವರ್ಷದ ಒಪ್ಪಂದದಲ್ಲಿ ಇವನ್ನು ಇಳಿಸಿಕೊಳ್ಳಬಲ್ಲ, ಒಂದೆರಡು ಕಂಟೇನರ್ ಕಳಿಸುವವನಿಗೆ ಆ ಬಲವಿಲ್ಲ.

ಎಲೆಕ್ಟ್ರಾನಿಕ್ ಬಿ.ಎಲ್. ಇದಕ್ಕೆ ಪರಿಹಾರ ಎನ್ನುತ್ತಾರೆ. ನಾನೂ ಒಪ್ಪುತ್ತೇನೆ. ಆದರೆ ಇಲ್ಲಿ ಒಂದು ನಿಜವಾದ ತೊಡಕಿದೆ. ಕಂಪ್ಯೂಟರಿನ ಕಡತವನ್ನು ಎಷ್ಟು ಸಲ ಬೇಕಾದರೂ ನಕಲು ಮಾಡಬಹುದು. ಒಂದೇ ಮಾಲಿಗೆ ಎರಡು ಕಡೆ ಸಾಲ ಎತ್ತದಂತೆ, ಒಂದು ಗಳಿಗೆಯಲ್ಲಿ ಒಬ್ಬನೇ ಅದರ ಒಡೆಯನಾಗಿರುವಂತೆ ಕಾಯುವ ವ್ಯವಸ್ಥೆ ಬೇಕು. ಆ ಕಾವಲಿಗೆ ಖರ್ಚಿದೆ, ಅದಕ್ಕೆ ಶುಲ್ಕ ತೆಗೆದುಕೊಳ್ಳುವುದು ನ್ಯಾಯ. ವಿಶ್ವಸಂಸ್ಥೆಯ ವ್ಯಾಪಾರ ಕಾನೂನು ಆಯೋಗ 2017ರಲ್ಲಿ ಇದಕ್ಕೊಂದು ಮಾದರಿ ಕಾನೂನು ಕೊಟ್ಟಿತು, ಬ್ರಿಟನ್ 2023ರಲ್ಲಿ ತನ್ನದೇ ಕಾನೂನು ಮಾಡಿತು. ಜಗತ್ತಿನ ದೊಡ್ಡ ಕಂಟೇನರ್ ಹಡಗು ಕಂಪನಿಗಳು 2030ರೊಳಗೆ ಎಲ್ಲ ಬಿ.ಎಲ್.ಗಳನ್ನೂ ಎಲೆಕ್ಟ್ರಾನಿಕ್ ಮಾಡುವುದಾಗಿ 2023ರ ಫೆಬ್ರವರಿಯಲ್ಲಿ ಮಾತು ಕೊಟ್ಟಿವೆ. ನಮ್ಮ ಸಂಸತ್ತು 1856ರ ಬಿಲ್ ಆಫ್ ಲೇಡಿಂಗ್ ಕಾನೂನನ್ನು ತೆಗೆದು 2025ರಲ್ಲಿ ಹೊಸದನ್ನು ಮಾಡಿದೆ. ಈ ಬದಲಾವಣೆಯ ಹೊತ್ತಿನಲ್ಲೇ ದರದ ಮಾತೂ ತೀರ್ಮಾನವಾಗಬೇಕು. ಕಾಗದದ ಕಾಲದ ಬಿ.ಎಲ್. ಫೀ ಹಾಗೇ ಇಟ್ಟು, ಅದರ ಮೇಲೆ ಎಲೆಕ್ಟ್ರಾನಿಕ್ ವೇದಿಕೆಯ ಫೀ ಸೇರಿಸಿದರೆ ಸಣ್ಣ ರಫ್ತುದಾರ ಕಾಗದಕ್ಕೇ ಅಂಟಿಕೊಳ್ಳುತ್ತಾನೆ.

ಕೊನೆಗೆ ಲಾರಿಯ ಸರಕಿಗೇ ಮರಳಿ ಒಂದು ಪ್ರಾಯೋಗಿಕ ಮಾತು. ಮಾಲು ಕಳೆದುಹೋದರೆ ಸಾಗಣೆದಾರನ ಮೇಲೆ ದಾವೆ ಹೂಡುವ ಮೊದಲು ಲಿಖಿತ ನೋಟಿಸು ಕೊಡಬೇಕು. ಅದನ್ನು ಬುಕಿಂಗ್ ಆದ ದಿನದಿಂದ 180 ದಿನಗಳೊಳಗೆ ಕೊಟ್ಟಿರಬೇಕು. ಆಗ ಕೈಯಲ್ಲಿರಬೇಕಾದ ಮೊದಲ ಸಾಕ್ಷಿ ಆ ಸರಕು ರಶೀದಿ. ಎಲ್.ಆರ್. ನಿಮ್ಮ ಮೊಬೈಲಿಗೆ ಬರೀ ಕೊಂಡಿಯಾಗಿ ಬಂದಿದ್ದರೆ ಅದು ಸಾಗಣೆದಾರನ ಕಂಪ್ಯೂಟರಿನಲ್ಲಿ ಇದೆ, ನಿಮ್ಮ ಹತ್ತಿರ ಇಲ್ಲ. ಬಂದ ದಿನವೇ ಅದನ್ನು ತೆರೆದು, ಗೋಣಿಯ ಲೆಕ್ಕ, ತೂಕ, ಘೋಷಿಸಿದ ಬೆಲೆ ಸರಿ ಇದೆಯೇ ನೋಡಿ, ಮೊಬೈಲಿನಲ್ಲಿ ಉಳಿಸಿಕೊಳ್ಳಿ. ಮನೆಯಲ್ಲಿ ಇನ್ನೊಬ್ಬರ ಮೊಬೈಲಿಗೂ ಕಳಿಸಿಡಿ.